ಬ್ಯಾಂಡಿನವರ ಹದಿನಾಲ್ಕು ಕೋಟು

ಅಂಗಡಿಯಿಂದ
ಭಾನುವಾರ, ಹದಿನೇಳನೇ ತಾರೀಖು, ಬೆಳಿಗ್ಗೆ ಹತ್ತು ಗಂಟೆ

ಪ್ರೀತಿಯ ಮಾಸ್ಟರಿಗೆ,

(ಬೀದಿಯವರೆಲ್ಲ ನಿಮ್ಮನ್ನು ಹಾಗೇ ಕರೆಯುತ್ತಾರೆ, ಇವತ್ತೊಂದು ದಿನ ನಾನೂ ಕರೆದರೆ ನಿಮ್ಮ ಗಂಟೇನೂ ಹೋಗುವುದಿಲ್ಲ.) ಹೇಗಿದ್ದೀರಿ? ಬಲಗೈಯ ಬೆರಳು ಮಡಚುತ್ತಿವೆಯೆ? ಡಾಕ್ಟರು ಆ ರಬ್ಬರ್ ಚೆಂಡನ್ನು ದಿನಕ್ಕೆ ಇನ್ನೂರು ಸಲ ಹಿಚುಕಿ ಎಂದರೆ ನೀವು ಅರವತ್ತಕ್ಕೇ "ಸಾಕು ಬಿಡು" ಎಂದು ಕಿಟಕಿಯ ಮೇಲಿಟ್ಟು ಪೇಪರು ಬಿಡಿಸಿಕೊಂಡು ಕೂರುತ್ತೀರಂತೆ. ನಿಮ್ಮ ಅಕ್ಕನೇ ಫೋನಿನಲ್ಲಿ ಚಾಡಿ ಹೇಳಿದರು. ಅವರ ಮೇಲೆ ರೇಗಬೇಡಿ. ಲಕ್ವ ಹೊಡೆದ ನಿಮ್ಮನ್ನು ತಮ್ಮೂರಿಗೆ ಕರೆಸಿಕೊಂಡು, ಮೂರು ತಿಂಗಳಿಂದ ಆಸ್ಪತ್ರೆಗೂ ಮನೆಗೂ ಕರೆದುಕೊಂಡು ಓಡಾಡುತ್ತಿರುವ ಪುಣ್ಯಾತ್ಗಿತ್ತಿ ಅವರು, ಅವರ ಕಾಲಿಗೂ ವಯಸ್ಸಾಗಿದೆ. ಮಾತ್ರೆ ತಪ್ಪಿಸಬೇಡಿ. ಉಪ್ಪು ಕಡಿಮೆಯಾಯಿತೆಂದು ಊಟದ ತಟ್ಟೆಯ ಮುಂದೆ ಮುಖ ಗಂಟಿಕ್ಕಿಕೊಂಡು ಕೂರಬೇಡಿ. ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ಸಂಜೆಯ ಹೊತ್ತಿಗೆ ಮಾತು ಕೇಳುವುದಿಲ್ಲ, ಅದಕ್ಕೆ ಕಾರಣವಿದೆ, ಮುಂದೆ ಹೇಳುತ್ತೇನೆ.

ಫೋನ್ ಇರುವಾಗ ಕಾಗದ ಯಾಕೆ ಎಂದು ಹುಬ್ಬು ಏರಿಸುತ್ತಿದ್ದೀರಿ, ನನಗೆ ಇಲ್ಲಿಗೇ ಕಾಣುತ್ತಿದೆ. ಫೋನಿನಲ್ಲಿ ನಾನು ಬಾಯಿ ತೆರೆಯುವಷ್ಟರಲ್ಲಿ ನೀವು "ಹಾ, ಸರಿ, ಇಡು" ಎನ್ನುತ್ತೀರಿ. ಮೂವತ್ತೆಂಟು ವರ್ಷದಿಂದ ನನ್ನ ಅರ್ಧ ಮಾತುಗಳು ಆ "ಇಡು"ವಿನ ಕೆಳಗೇ ಸಿಕ್ಕಿಕೊಂಡಿವೆ. ಕಾಗದವನ್ನು ನಡುವೆ ತಡೆಯಲು ನಿಮ್ಮಿಂದಾಗುವುದಿಲ್ಲ. ಅಲ್ಲದೆ ಮೊದಲು ಬರೆದವರು ನೀವೇ. ಬುಧವಾರ ನಿಮ್ಮ ಕಾಗದ ಕೈ ಸೇರಿತು. ಎಡಗೈಯಲ್ಲಿ ಬರೆದಿದ್ದೀರಿ, ಅಕ್ಷರ ಒಂದರ ಮೇಲೊಂದು ಬಿದ್ದಿವೆ, ಆದರೂ ಒಂದೂ ತಪ್ಪದೆ ಓದಿದೆ. "ಕತ್ತರಿ ಹಿಡಿಯೋ ಕೈ ಹೋದ ಮೇಲೆ ಟೈಲರಿಗೆ ಅಂಗಡಿ ಯಾಕೆ? ಪಕ್ಕದ ಫೋನ್ ಅಂಗಡಿಯವನು ಗೋಡೆ ಒಡೆದು ದೊಡ್ಡದು ಮಾಡ್ಕೋತೀನಿ ಅಂತಿದ್ದಾನೆ, ಕೊಟ್ಟುಬಿಡೋಣ. ಗುರುವಾರ ಬರ್ತೀನಿ, ಶುಕ್ರವಾರ ಸಹಿ ಹಾಕ್ತೀನಿ." ಮೂರು ಸಲ ಓದಿದೆ. ಮೊದಲನೇ ಸಲ ಅಳು ಬಂತು. ಎರಡನೇ ಸಲ ಸಿಟ್ಟು ಬಂತು. ಮೂರನೇ ಸಲ ಓದಿದ್ದು ಸಿಟ್ಟು ಕಡಿಮೆಯಾಗಲಿ ಎಂದು, ಆಗಲಿಲ್ಲ. ಅಂಗಡಿ ಕೊಡುವುದು ನನಗೆ ಇಷ್ಟವಿಲ್ಲ. ನೇರವಾಗಿ ಬರೆದಿದ್ದೇನೆ, ಸುತ್ತಿ ಬಳಸಿ ಹೇಳಿದರೆ ನೀವು ಅರ್ಥವಾಗದವರ ಹಾಗೆ ಕೂತುಬಿಡುತ್ತೀರಿ.

ಇನ್ನೊಂದು ವಿಷಯ ಮುಚ್ಚಿಟ್ಟಿದ್ದೆ. ನೀವು ಹೋದ ದಿನದಿಂದ ಅಂಗಡಿಗೆ ಬೀಗ ಬಿದ್ದಿದೆ ಎಂದುಕೊಂಡಿದ್ದೀರಲ್ಲ, ಒಂದು ದಿನವೂ ಬಿದ್ದಿಲ್ಲ. ಈ ಕಾಗದವನ್ನು ನಿಮ್ಮ ಕತ್ತರಿಸುವ ಮೇಜಿನ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ. ನೀವು ನಿಲ್ಲುವ ಕಡೆಯೇ ನಿಂತಿದ್ದೇನೆ, ನೆಲದ ಹಲಗೆ ನಿಮ್ಮ ಎರಡು ಪಾದದ ಜಾಗದಲ್ಲಿ ಸವೆದು ತಗ್ಗಾಗಿದೆ ನೋಡಿ, ಸರಿಯಾಗಿ ಅಲ್ಲಿ. ನೀರು ಕುಡಿಯಿರಿ, ಅಕ್ಕ ಅಲ್ಲೇ ಇದ್ದಾರಲ್ಲ, ಒಂದು ಲೋಟ ತಂದುಕೊಡಲಿ. ಆಮೇಲೆ ಮುಂದಕ್ಕೆ ಓದಿ.

ನಾನು ಈ ಮನೆಗೆ ಬಂದಾಗ ಅಂಗಡಿಗೂ ಹಿಂದಿನ ಕೋಣೆಗೂ ನಡುವೆ ಆ ಹಸಿರು ಪರದೆ ಇತ್ತು. ಆಚೆ ಗಂಡಸರು, ಮೇಜು, ಕತ್ತರಿ, ಗಿರಾಕಿ. ಈಚೆ ಅತ್ತೆ, ಮೂರು ಹೊಲಿಗೆ ಯಂತ್ರ, ಇಸ್ತ್ರಿ, ನಾನು. ಹೊಸದರಲ್ಲಿ ಒಂದು ದಿನ ಅವಸರದಲ್ಲಿ ಪರದೆ ಸರಿಸಿ ಮಾವನಿಗೆ ಚಹಾ ಕೊಡಲು ಹೋಗಿಬಿಟ್ಟೆ. ಒಬ್ಬ ದೊಡ್ಡ ಮನುಷ್ಯ ಬರಿ ಬನಿಯನ್ನಿನಲ್ಲಿ ಅಳತೆ ಕೊಡುತ್ತ ನಿಂತಿದ್ದ. ಅವನು ಕಿರುಚಿದ, ನಾನೂ ಕಿರುಚಿದೆ, ಚಹಾ ಚೆಲ್ಲಿತು. ಅತ್ತೆ ನನ್ನನ್ನು ಒಳಗೆಳೆದುಕೊಂಡು "ಆಚೆ ಕಡೆ ನಮ್ಮದಲ್ಲ ಕಣೇ" ಎಂದರು. ಅಷ್ಟೇ, ನಾನು ಮತ್ತೆ ಕೇಳಲಿಲ್ಲ. ಹೆಂಗಸರು ಯಾರಾದರೂ ಹೊಲಿಸಲು ಬಂದರೆ ಮಾವ ಗೋಡೆಯ ಕಡೆ ತಿರುಗಿ ನಿಲ್ಲುತ್ತಿದ್ದರು. ಅತ್ತೆ ಪರದೆಯ ಹಿಂದೆ ಅಳತೆ ತೆಗೆದು ಮೆಲ್ಲಗೆ ಹೇಳುತ್ತಿದ್ದರು, ಮಾವ ಗೋಡೆ ನೋಡುತ್ತಲೇ ಬರೆದುಕೊಳ್ಳುತ್ತಿದ್ದರು. ಸೊಂಟದ ಅಳತೆ ಹೇಳುವಾಗ ಅತ್ತೆಯ ದನಿ ಎಷ್ಟು ಇಳಿಯುತ್ತಿತ್ತೆಂದರೆ ಎಷ್ಟೋ ಹೆಂಗಸರ ಸೊಂಟವನ್ನು ಮಾವ ಊಹೆಯ ಮೇಲೆಯೇ ಕತ್ತರಿಸಿದ್ದಾರೆ.

ಗಂಡಸರ ಅಳತೆ ಮಾತ್ರ ಪುಸ್ತಕದಲ್ಲಿ ಇರುತ್ತಿರಲಿಲ್ಲ, ನಿಮಗೆ ನೆನಪಿದೆಯಲ್ಲ. ಒಬ್ಬೊಬ್ಬರಿಗೆ ಒಂದೊಂದು ಉದ್ದನೆಯ ಕಾಗದದ ಪಟ್ಟಿ. ಎದೆಗೊಂದು ಕಚ್ಚು, ತೋಳಿಗೊಂದು, ಕುತ್ತಿಗೆಗೊಂದು. ಮೊಳೆಗೆ ನೇತುಹಾಕಿದರೆ ಆಯಿತು, ಬೀದಿಯ ಗಂಡಸರೆಲ್ಲ ನಮ್ಮ ಗೋಡೆಯ ಮೇಲೆ. ಹೊಟ್ಟೆ ಬಂದರೆ ಹಳೇ ಕಚ್ಚಿನ ಪಕ್ಕ ಹೊಸ ಕಚ್ಚು. ಯಾರಾದರೂ ತೀರಿಕೊಂಡರೆ ಮಾವ ಅವರ ಪಟ್ಟಿಯನ್ನು ಮೊಳೆಯಿಂದ ತೆಗೆದು, ಮಡಿಸಿ, ತಾವೇ ಹೋಗಿ ಮನೆಯವರ ಕೈಗೆ ಕೊಟ್ಟು ಬರುತ್ತಿದ್ದರು. ಆಗ ಒಂದು ಕೋಟು ಹೊಲಿಸುವುದೆಂದರೆ ಮೂರು ಸಲ ಬಂದು ಹಾಕಿ ನೋಡಬೇಕು, ಪ್ರತಿ ಸಲವೂ ಕೂತು ಊರಿನ ಸುದ್ದಿ ಮಾತಾಡಬೇಕು. ಮದುವೆಗೆಂದು ಹೊಲಿಸಿದ್ದು ಮಗನ ಮದುವೆಗೂ ಬರುತ್ತಿತ್ತು. ಅಂಚಿನ ಒಳಗೆ ಎರಡು ಇಂಚು ಬಟ್ಟೆ ಬಿಟ್ಟಿರುತ್ತಿದ್ದೆವು, ಮೈ ಬೆಳೆದ ಹಾಗೆ ಕೋಟೂ ಬೆಳೆಯಲಿ ಎಂದು. ಬಣ್ಣ ಹೋದರೆ ಹೊಲಿಗೆಯೆಲ್ಲ ಬಿಚ್ಚಿ, ಒಳಮೈ ಹೊರಗೆ ಮಾಡಿ, ಮಗನಿಗೆ ಹೊಲಿಯುತ್ತಿದ್ದೆವು. ಅದೂ ಹೋದರೆ ಮೊಮ್ಮಗನಿಗೆ ಚಡ್ಡಿ. ಈಗ ಹುಡುಗರು ಕೋಟನ್ನು ಫೋನಿನಲ್ಲಿ ನೋಡಿ, ಮನೆಗೆ ತರಿಸಿಕೊಂಡು, ಎರಡು ದಿನ ಹಾಕಿ, "ಆಂಟಿ, ತೋಳು ಉದ್ದ ಆಯ್ತು, ಸಂಜೆಗೆ ಬೇಕು" ಎಂದು ಬರುತ್ತಾರೆ. ನನಗೆ ಬೇಜಾರೇನೂ ಇಲ್ಲ. ನಮ್ಮ ಅತ್ತೆ ಬದುಕಿನಲ್ಲಿ ಒಂದು ಕೋಟನ್ನಾದರೂ ಸಂಜೆಯೊಳಗೆ ಮುಗಿಸಿದ್ದರೆ ಹೇಳಿ! ನಾನು ದಿನಕ್ಕೆ ಆರು ಮುಗಿಸುತ್ತೇನೆ.

ಅತ್ತೆಯ ವಿಷಯ ಬಂತು, ಇದನ್ನೂ ಹೇಳಿಬಿಡುತ್ತೇನೆ, ಅವರಿದ್ದಾಗ ಹೇಳಿದ್ದರೆ ನನ್ನ ತಲೆ ಮೇಲೆ ಕುಟ್ಟುತ್ತಿದ್ದರು. ಮಾವ ಕತ್ತರಿಸಿದ ಕೋಟುಗಳಿಗೆ ಕಂಕುಳು ಯಾವಾಗಲೂ ತುಂಬಾ ಕೆಳಗೆ ಇರುತ್ತಿತ್ತು. ಕೈ ಇಳಿಬಿಟ್ಟು ನಿಂತರೆ ರಾಜನ ಹಾಗೆ ಕಾಣುತ್ತಿತ್ತು, ಕೈ ಎತ್ತಿದರೆ ಇಡೀ ಕೋಟು ಕಿವಿಗೆ ಬರುತ್ತಿತ್ತು. ಅತ್ತೆ ಹೊಲಿಯುವಾಗ ಸದ್ದಿಲ್ಲದೆ ಅಲ್ಲೊಂದು ಸಣ್ಣ ತುಂಡು ಸೇರಿಸಿ ಮೇಲಕ್ಕೆ ತರುತ್ತಿದ್ದರು. ನಾನು ಬಂದ ಎರಡನೇ ವರ್ಷ ತೋರಿಸಿಕೊಟ್ಟರು: "ಅವರು ಕತ್ತರಿಸ್ತಾರೆ, ನಾವು ಸರಿ ಮಾಡ್ತೀವಿ. ಬಾಯಿ ಮಾತ್ರ ಬಿಡಬಾರದು." ನೀವು ಮೇಜಿಗೆ ಬಂದಿರಿ, ಕತ್ತರಿಯ ಜೊತೆ ಅಪ್ಪನ ಕಂಕುಳನ್ನೂ ತಂದಿರಿ. ಅಂದಿನಿಂದ ನಾನೂ ಆ ತುಂಡು ಸೇರಿಸುತ್ತಲೇ ಬಂದೆ. ಗಿರಾಕಿಗಳು "ಮಾಸ್ಟರ್ ಕೈ ಅಂದ್ರೆ ಕೈ" ಎನ್ನುವಾಗ ಪರದೆಯ ಹಿಂದೆ ನಾನೂ ಅತ್ತೆಯೂ ಒಬ್ಬರನ್ನೊಬ್ಬರು ನೋಡಿಕೊಂಡು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಿದ್ದೆಷ್ಟು ಸಲ! ಕೋಪ ಮಾಡಿಕೊಳ್ಳಬೇಡಿ. ಕೋಪ ಬಂದರೆ ಆ ಚೆಂಡನ್ನು ಹಿಚುಕಿ, ಅದಾದರೂ ಇನ್ನೂರಾಗಲಿ.

ಈಗ ನಿಜವಾದ ಸುದ್ದಿ. ನೀವು ಹೋಗುವ ಮುಂಚೆ ಅಗ್ನಿಶಾಮಕ ದಳದ ಬ್ಯಾಂಡಿನವರ ಹದಿನಾಲ್ಕು ಕೋಟು ಒಪ್ಪಿಕೊಂಡಿದ್ದಿರಲ್ಲ, ಹೊಸ ಠಾಣೆ ತೆರೆಯುವ ದಿನ ಮೆರವಣಿಗೆಗೆಂದು. ಕಡುಗೆಂಪು ಮಕಮಲ್ಲಿನ ಎರಡು ದೊಡ್ಡ ಸುರುಳಿ ಗೋಡೆಗೆ ಒರಗಿಕೊಂಡಿದ್ದವು. ನೀವು ಹೋದ ಐದನೇ ದಿನಕ್ಕೆ ಬ್ಯಾಂಡ್ ಮಾಸ್ಟರ್ ಬಂದ. ಮೀಸೆ ಇದೆಯಲ್ಲ, ಅದನ್ನು ಸವರಿಕೊಳ್ಳುತ್ತ, ನೆಲ ನೋಡುತ್ತ, "ಅಮ್ಮಾ, ಮಾಸ್ಟರಿಗೆ ಹೀಗಾಯ್ತಂತೆ, ಬೇಜಾರಾಯ್ತು. ಬಟ್ಟೆ ವಾಪಸ್ ತಗೊಂಡು ಹೋಗ್ತೀನಿ, ಫ್ಯಾಕ್ಟರಿಯಲ್ಲಿ ಮಾಡಿಸ್ತೀವಿ" ಎಂದ. ಅವನ ಹಿಂದೆ ಇಬ್ಬರು ಸುರುಳಿ ಎತ್ತಲು ತಯಾರಾಗಿ ನಿಂತಿದ್ದರು. ನನಗೆ ಏನಾಯಿತೋ ಗೊತ್ತಿಲ್ಲ. "ಮುಂದಿನ ಗುರುವಾರ ಬನ್ನಿ. ಮೊದಲನೇ ಕೋಟು ಹಾಕಿ ನೋಡಿ. ಹಿಡಿಸದಿದ್ದರೆ ಆಮೇಲೆ ಎತ್ತಿಕೊಂಡು ಹೋಗಿ" ಎಂದುಬಿಟ್ಟೆ. "ಯಾರು ಕತ್ತರಿಸ್ತಾರೆ?" ಎಂದ. "ಮಾಸ್ಟರೇ" ಎಂದೆ. ಅದು ಸುಳ್ಳಲ್ಲ, ಯೋಚಿಸಿ ನೋಡಿ.

ಅವನು ಹೋದ ಮೇಲೆ ಹಳೇ ಹಾಸಿಗೆಯ ಹೊದಿಕೆ ಮೂರು ಕತ್ತರಿಸಿ ಕೈ ಪಳಗಿಸಿಕೊಂಡೆ. ನಿಮ್ಮ ಕತ್ತರಿಯ ಹೆಬ್ಬೆರಳಿನ ತೂತು ನಿಮ್ಮಪ್ಪನ ಬೆರಳಿಗೆ ಮಾಡಿದ್ದು, ನನ್ನದು ಅದರೊಳಗೆ ಲೊಟಲೊಟ ಎನ್ನುತ್ತಿತ್ತು, ಚಿಂದಿ ಸುತ್ತಿಕೊಂಡೆ. ಕಾಜಾ ಮಾವ ಎದ್ದು ನಿಂತರು. ನಲವತ್ತು ವರ್ಷ ನಮ್ಮ ಗುಂಡಿ ತೂತುಗಳಿಗೆ ಕಾಜಾ ಹೊಲಿದ ಮನುಷ್ಯ, ನನಗೆ ಎದುರು ಮಾತಾಡಿದವರಲ್ಲ. "ಅಮ್ಮಾ, ನಾನು ಇದನ್ನ ನೋಡಲಾರೆ" ಎಂದು ಹೇಳಿ ಹೊರಗೆ ಹೋಗಿ ಫುಟ್‌ಪಾತಿನ ಮೇಲೆ ನಿಂತರು. ನಾನು ಮಕಮಲ್ಲು ಹಾಸಿದೆ, ಸೀಮೆಸುಣ್ಣದ ಗೆರೆ ಎಳೆದೆ, ಕತ್ತರಿ ಎತ್ತಿದೆ. ತಲೆ ಎತ್ತಿದರೆ ಕಾಜಾ ಮಾವ ಕಿಟಕಿಯ ಗಾಜಿಗೆ ಮೂಗು ಒತ್ತಿಕೊಂಡು ನೋಡುತ್ತಿದ್ದಾರೆ! ನನಗೆ ನಗು ಬಂತು. ನಗುತ್ತಲೇ ಮೊದಲ ಕತ್ತರಿ ಹಾಕಿದೆ. ಬೆನ್ನಿನ ತುಂಡು ಮುಗಿಯುವ ಹೊತ್ತಿಗೆ ಅವರು ಒಳಗೆ ಬಂದು ಬಟ್ಟೆಯ ಆ ತುದಿ ಹಿಡಿದುಕೊಂಡು ನಿಂತರು.

ಗುರುವಾರ ಬ್ಯಾಂಡ್ ಮಾಸ್ಟರ್ ಅಂದಾಜಿನ ಮೇಲೆ ಕತ್ತರಿಸಿದ್ದ ಆ ಕೋಟನ್ನು ತನ್ನ ಹುಡುಗನೊಬ್ಬನಿಗೆ ಹಾಕಿಸಿ ನೋಡಿ ಒಪ್ಪಿದ, ಎಲ್ಲರನ್ನೂ ಅಳತೆಗೆ ಕಳಿಸಿದ. ಅಳತೆ ತೆಗೆದದ್ದು ನಿಮ್ಮ ಮಗಳು. ಶಾಲೆ ಬಿಟ್ಟ ಮೇಲೆ ದಿನಾ ಬರುತ್ತಾಳೆ, ಲೆಕ್ಕದ ಟೀಚರಮ್ಮನಲ್ಲವೇ, ಕಾಲು ಇಂಚು ಅರೆ ಇಂಚು ಎಲ್ಲ ನಾಲಿಗೆಯ ತುದಿಯಲ್ಲೇ. ಹನ್ನೆರಡು ಜನ ಗಂಡಸರನ್ನು ಸಾಲಾಗಿ ನಿಲ್ಲಿಸಿ ಎದೆ, ಭುಜ, ತೋಳು ಎಂದು ಟೇಪು ಸುತ್ತಿದಳು. ಟ್ರಂಪೆಟ್ ಊದುವವನು ಹೊಟ್ಟೆ ಒಳಗೆ ಎಳೆದುಕೊಂಡು ನಿಂತಿದ್ದ. "ಉಸಿರು ಬಿಡಿ ಸಾರ್, ಕೋಟು ನಿಮಗೆ ಮಾಡ್ತಿರೋದು, ನಿಮ್ಮ ಆಸೆಗಲ್ಲ" ಎಂದಳು. ಅವನೇ ಮೊದಲು ನಕ್ಕ. ನಿಮ್ಮಪ್ಪ ಗೋಡೆ ನೋಡುತ್ತ ನಿಲ್ಲುತ್ತಿದ್ದರು, ನಿಮ್ಮ ಮಗಳು ಗಂಡಸರಿಗೆ ಕೈ ಎತ್ತಿ ಎನ್ನುತ್ತಾಳೆ. ಹದಿನಾಲ್ಕರಲ್ಲಿ ಇಬ್ಬರು ಹುಡುಗಿಯರೂ ಇದ್ದಾರೆ, ಬೆಂಕಿ ಆರಿಸುವವರೇ. ಅವರ ಸರದಿ ಬಂದಾಗ ನಾನು ಅಭ್ಯಾಸಬಲದಿಂದ ಪರದೆ ಸರಿಸಿ "ಈಚೆ ಬನ್ನಿ" ಎಂದೆ. ಒಬ್ಬಳು ನನ್ನನ್ನೇ ನೋಡಿ, "ಬೇಡಮ್ಮಾ, ಇಲ್ಲೇ ತಗೊಳ್ಳಿ. ಐದನೇ ಮಹಡಿಗೆ ಏಣಿ ಹತ್ತೋವಾಗ ನನಗೇನು ಪರದೆ ಕಟ್ತಾರಾ?" ಎಂದಳು. ನಾನು ಪರದೆ ಹಿಡಿದುಕೊಂಡೇ ನಿಂತೆ. ಆ ಭಾನುವಾರ ಅದನ್ನು ಬಿಚ್ಚಿ ಒಗೆಯಲು ಹಾಕಿದೆ, ನೀರಿನಲ್ಲೇ ಚೂರುಚೂರಾಯಿತು. ಹೊಸದು ಹಾಕಿಲ್ಲ. ಈಗ ಹಿಂದಿನ ಕೋಣೆಗೂ ಬೀದಿಯ ಬೆಳಕು ಬರುತ್ತದೆ, ಸೂಜಿಗೆ ದಾರ ಪೋಣಿಸಲು ಕನ್ನಡಕ ಬೇಡ.

ಎಲ್ಲ ಸಲೀಸಾಗಿ ಆಯಿತೆಂದು ತಿಳಿಯಬೇಡಿ. ಮಾಡಬಾರದ ತಪ್ಪೊಂದನ್ನು ಮಾಡಿದೆ. ಮಕಮಲ್ಲಿನ ಗುಣ ನಿಮಗೆ ಹೇಳಬೇಕೇ, ಕೆಳಗೆ ಸವರಿದರೆ ನುಣುಪು, ಮೇಲೆ ಸವರಿದರೆ ಒರಟು, ಎಲ್ಲ ತುಂಡೂ ಒಂದೇ ದಿಕ್ಕಿಗೆ ಮಲಗಬೇಕು. ಒಂಬತ್ತನೇ ಕೋಟು ಹಾಸುವಾಗ ಬಟ್ಟೆ ಉಳಿಸುವ ಹುಚ್ಚಿನಲ್ಲಿ ಎದೆಯ ಎಡಭಾಗವನ್ನು ತಲೆಕೆಳಗು ಮಾಡಿ ಕತ್ತರಿಸಿಬಿಟ್ಟೆ. ಒಳಗಿನ ದೀಪದಲ್ಲಿ ಗೊತ್ತಾಗಲಿಲ್ಲ. ಹೊಲಿದು, ಗುಂಡಿ ಹಾಕಿ, ಬಾಗಿಲಿನ ಬಿಸಿಲಿಗೆ ತಂದರೆ ಒಂದು ಎದೆ ದ್ರಾಕ್ಷಿ ಬಣ್ಣ, ಇನ್ನೊಂದು ಇಟ್ಟಿಗೆ ಬಣ್ಣ. ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟೆ. ನೀವು ನೆನಪಾದಿರಿ, ನಿಮ್ಮ ಮೇಲೆ ಸಿಟ್ಟೂ ಬಂತು, ಯಾಕೆಂದು ಕೇಳಬೇಡಿ. ಕಾಜಾ ಮಾವ ಕೋಟನ್ನು ತಿರುಗಿಸಿ ಮುರುಗಿಸಿ ನೋಡಿ, "ದೊಡ್ಡ ಡ್ರಮ್ಮಿನವನಿಗೆ ಕೊಟ್ಬಿಡೋಣಮ್ಮಾ, ಅವನ ಎದೆ ಮುಂದೆ ಯಾವಾಗಲೂ ಡ್ರಮ್ಮೇ ಇರುತ್ತೆ, ಯಾರು ನೋಡ್ತಾರೆ?" ಎಂದರು. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ನಕ್ಕ ಮೇಲೆ ಬೇಡ ಎಂದೆ. ಅವನು ಡ್ರಮ್ಮು ಕೆಳಗಿಟ್ಟ ಗಳಿಗೆಯಲ್ಲಿ ಅದು ಅಂಗಡಿಯ ಮಾನ. ಉಳಿಕೆ ತುಂಡುಗಳನ್ನೆಲ್ಲ ನೆಲದ ಮೇಲೆ ಹರಡಿ, ನಾನೂ ಮಗಳೂ ಮಂಡಿಯೂರಿ ಜೋಡಿಸಿ ಜೋಡಿಸಿ ನೋಡಿದೆವು. (ಮಂಡಿಯ ಕಥೆ ಇದೇ.) ಒಂದು ಎದೆ ಬರುವಷ್ಟು ಬಟ್ಟೆ ಸಿಕ್ಕಿತು, ಕಂಕುಳ ಕೆಳಗೆ ಒಂದು ಸಣ್ಣ ತುಂಡು ಜೋಡಿಸಬೇಕಾಯಿತು ಅಷ್ಟೇ. ಯಾವ ಕೋಟಿನಲ್ಲಿ ಎಂದು ಯಾರಿಗೂ ಕಾಣುವುದಿಲ್ಲ. ನೀವು ಬಂದ ಮೇಲೆ ಠಾಣೆಗೆ ಹೋಗಿ ಹುಡುಕಿ, ಸಿಕ್ಕಿದರೆ ಕೇಳಿದ್ದು ಕೊಡುತ್ತೇನೆ.

ಕೊಡುವ ದಿನ ಎಲ್ಲರೂ ಅಂಗಡಿಯಲ್ಲೇ ಹಾಕಿಕೊಂಡರು. ಇಡೀ ಕೋಣೆ ಕೆಂಪಾಯಿತು. ಬ್ಯಾಂಡ್ ಮಾಸ್ಟರ್ ಕನ್ನಡಿಯ ಮುಂದೆ ನಿಂತು, ತಾಳ ಹಾಕುವವನ ಹಾಗೆ ಎರಡೂ ಕೈ ಮೇಲೆತ್ತಿದ. ಇಳಿಸಿದ. ಮತ್ತೆ ಎತ್ತಿದ. ಆಮೇಲೆ ನನ್ನ ಕಡೆ ತಿರುಗಿ, "ಇಪ್ಪತ್ತು ವರ್ಷದಿಂದ ಫ್ಯಾಕ್ಟರಿ ಕೋಟು ಹಾಕ್ತಿದ್ದೀನಮ್ಮಾ. ಕೈ ಎತ್ತಿದ್ರೆ ಕೋಟೂ ಎದ್ದು ಬರ್ತಿತ್ತು, ಕಾಲರ್ರು ಕಿವಿಗೆ ಚುಚ್ತಿತ್ತು. ಇದು ಕೂತಲ್ಲೇ ಕೂತಿದೆ. ಮಾಸ್ಟರ್ ಏನು ಮಾಡಿದ್ರು?" ಎಂದ. ಕಂಕುಳನ್ನು ಮೇಲಕ್ಕೆ ಕತ್ತರಿಸಿದ್ದೆ, ಮೊದಲಿಂದಲೇ, ತುಂಡು ಸೇರಿಸುವ ಕಳ್ಳಾಟವಿಲ್ಲದೆ. ಬಾಯಿ ಬಿಡಬಾರದು ಎಂಬ ಅತ್ತೆಯ ಮಾತು ಗಂಟಲಿನವರೆಗೆ ಬಂತು. ಅದನ್ನು ನುಂಗಿ, "ಕತ್ತರಿಸಿದ್ದು ನಾನು" ಎಂದೆ. ಅವನು ಮೀಸೆ ಸವರಿಕೊಂಡು ನನ್ನನ್ನೂ ಮೇಜನ್ನೂ ನೋಡಿದ. "ಹಾಗಾದ್ರೆ ಅವತ್ತು ಮಾಸ್ಟರೇ ಅಂದ್ರಲ್ಲ?" ಎಂದ. "ಹೌದು, ಅಂದಿದ್ದೆ" ಎಂದೆ. ಏಣಿ ಹತ್ತುವ ಹುಡುಗಿ ಚಪ್ಪಾಳೆ ತಟ್ಟಿದಳು, ಉಳಿದವರೂ ತಟ್ಟಿದರು. ಕಾಜಾ ಮಾವ ಇದೆಲ್ಲ ತಮ್ಮದೇ ಯೋಚನೆ ಎನ್ನುವ ಹಾಗೆ ಎದೆ ಉಬ್ಬಿಸಿಕೊಂಡು ನಿಂತಿದ್ದರು.

ಮೆರವಣಿಗೆ ಹೋದ ಭಾನುವಾರ ಆಯಿತು. ಮಗಳೂ ನಾನೂ ಬೆಳಿಗ್ಗೆಯೇ ಹೋಗಿ ಮುಖ್ಯ ರಸ್ತೆಯ ತಿರುವಿನಲ್ಲಿ ಜಾಗ ಹಿಡಿದೆವು. ಬ್ಯಾಂಡು ಬಂತು. ಏನು ಬಾರಿಸಿದರು ಎಂದು ಕೇಳಿದರೆ ನನಗೆ ಗೊತ್ತಿಲ್ಲ, ನಾನು ಕೇಳಲೇ ಇಲ್ಲ. ಎಲ್ಲರೂ ಮುಖ ನೋಡುತ್ತಿದ್ದರು, ನಾನು ಭುಜ ನೋಡುತ್ತಿದ್ದೆ. ಟ್ರಂಪೆಟ್ ಮೇಲೆದ್ದವು, ತೋಳುಗಳು ಮೇಲೆದ್ದವು, ಒಂದು ಕೋಟಾದರೂ ಅಲುಗಲಿ! ಪಕ್ಕದಲ್ಲಿದ್ದ ಮುದುಕರೊಬ್ಬರು, ಅವರೇ ಹಳೇ ಕಾಲದ ಚೆಂದದ ಕೋಟು ಹಾಕಿಕೊಂಡಿದ್ದರು, "ಯಾರ ಕೈಯಪ್ಪಾ ಇದು? ಈಗಿನ ಕಾಲದಲ್ಲೂ ಇಂಥ ಕೆಲಸ ಮಾಡೋರು ಇದ್ದಾರಾ?" ಎಂದರು. ನಿಮ್ಮ ಮಗಳು ಬಾಯಿ ತೆರೆದಳು, ನಾನು ಅವಳ ತೋಳು ಚಿವುಟಿ ಸುಮ್ಮನಿರಿಸಿದೆ. ಆಮೇಲೆ ನಾನೇ ಹೇಳಿದೆ: "ನನ್ನದು." ನನಗೆ ಹೆಮ್ಮೆಯಾಯಿತು. ಹೌದು, ಬರೆದೇ ಬಿಟ್ಟೆ. ಅರವತ್ತು ವರ್ಷದ ಹೆಂಗಸು ನಡುರಸ್ತೆಯಲ್ಲಿ ಹೆಮ್ಮೆಯಿಂದ ಅತ್ತಳು, ಯಾರು ಬೇಕಾದರೂ ನೋಡಿಕೊಳ್ಳಲಿ.

ಆ ಹೆಮ್ಮೆ ನನ್ನೊಬ್ಬಳದೇ ಅಲ್ಲ ಎಂದು ನಿಮಗೆ ಗೊತ್ತಾಗಬೇಕು. ಕತ್ತರಿ ನಿಮ್ಮಪ್ಪನದು. ಗೆರೆ ಎಳೆಯುವ ಕೈ ಬರಬೇಕಾದರೆ ನೀವು ಎಳೆದ ಗೆರೆಗಳ ಮೇಲೆ ನಾನು ಮೂವತ್ತೆಂಟು ವರ್ಷ ಹೊಲಿಗೆ ಓಡಿಸಿದ್ದೇ ಕಾರಣ. ಕಂಕುಳು ಅತ್ತೆಯದು. ಅವರ ಹೆಸರಿನಲ್ಲಿ ಒಂದು ಕೋಟೂ ಇಲ್ಲ, ಅದೊಂದು ನನಗೆ ಸಂಕಟ. ಪರದೆ ಕಟ್ಟಿದವರು ನೀವಲ್ಲ, ಸರಿಸೆಂದು ನಾನೂ ಕೇಳಲಿಲ್ಲ, ಆದ್ದರಿಂದ ನಿಮ್ಮನ್ನು ದೂರುತ್ತಿಲ್ಲ. ನಮ್ಮ ಮಗಳು ಮೇಜಿನ ಸುತ್ತ ಓಡಾಡುವುದನ್ನು ನೋಡಿದರೆ ಇಲ್ಲಿ ಒಂದು ಕಾಲದಲ್ಲಿ ಆಚೆ ಈಚೆ ಎಂದು ಇತ್ತೆಂದೇ ಅವಳಿಗೆ ಅನಿಸುವುದಿಲ್ಲ. ಕತ್ತರಿ ಹಿಡಿಯುವ ಕೈ ಹೋಯಿತು ಎಂದು ಬರೆದಿದ್ದೀರಿ. ಹೋಗಿರುವುದು ಒಂದು ಕೈ. ಅದೂ ಪೂರ್ತಿ ಹೋಗಿಲ್ಲ, ಚೆಂಡು ಹಿಚುಕಿದರೆ ಬರುತ್ತದೆ. ಬರದಿದ್ದರೂ ನಿಮ್ಮ ಕಣ್ಣು ಇದೆ, ಸುರುಳಿ ಬಿಚ್ಚುವ ಮೊದಲೇ ಬಟ್ಟೆಯ ಹುಳುಕು ಹೇಳುವ ಕಣ್ಣು. ಒಂಬತ್ತನೇ ಕೋಟಿನ ದಿನ ಆ ಕಣ್ಣು ಇಲ್ಲಿದ್ದಿದ್ದರೆ ನನ್ನ ಮಂಡಿ ಉಳಿಯುತ್ತಿತ್ತು. ಠಾಣೆಯವರು ಇನ್ನೂ ಇಪ್ಪತ್ತು ಕೋಟು ಕೇಳಿದ್ದಾರೆ. ನೀವು ಬಂದ ಮೇಲೆ ಹೇಳುತ್ತೇನೆ ಎಂದಿದ್ದೇನೆ. ಶುಕ್ರವಾರ ನೀವು ಸಹಿ ಹಾಕಿದರೆ ಅವರಿಗೆ ಇಲ್ಲ ಎನ್ನಬೇಕು, ಅದನ್ನು ಹೇಳಲು ನನಗೆ ಬಾಯಿ ಬರುವುದಿಲ್ಲ.

ಉಳಿದಂತೆ ಎಲ್ಲ ಕ್ಷೇಮ. ಅಡುಗೆಮನೆಯ ನಲ್ಲಿ ಸರಿಯಾಯಿತು, ಮೊಮ್ಮಗಳಿಗೆ ಮುಂದಿನ ಎರಡು ಹಲ್ಲು ಬಿದ್ದು ಸೀಟಿಯ ಹಾಗೆ ಮಾತಾಡುತ್ತಾಳೆ. ತಾತ ಬಂದ ಮೇಲೆ ಹಲ್ಲು ತೋರಿಸುತ್ತೇನೆಂದು ಡಬ್ಬಿಯಲ್ಲಿ ಇಟ್ಟಿದ್ದಾಳೆ. ಅಕ್ಕನಿಗೆ ನನ್ನ ನಮಸ್ಕಾರ ಹೇಳಿ, ಅವರ ಋಣ ನಾನು ತೀರಿಸಲಾರೆ. ಅಳಿಯ ನಾಳೆ ಆ ಕಡೆಗೆ ಬಸ್ಸು ತರುತ್ತಾನೆ, ಅವನ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ. ಗುರುವಾರ ಅವನ ಬಸ್ಸಿನಲ್ಲೇ ಬನ್ನಿ, ಡ್ರೈವರಿನ ಹಿಂದಿನ ಸೀಟು ನಿಮಗೆಂದು ಹೇಳಿಟ್ಟಿದ್ದಾನೆ. ದಾರಿಯುದ್ದಕ್ಕೂ ಅವನಿಗೆ ಬಸ್ಸು ಓಡಿಸುವುದು ಹೇಗೆಂದು ಹೇಳಿಕೊಡಬೇಡಿ. ಬೇಗ ಗುಣವಾಗಿ, ನಗುನಗುತ್ತ ಬನ್ನಿ ಎಂದು ಹಾರೈಸುವ,

ನಿಮ್ಮ ಮನೆಯವಳು

ತಡೆಯಿರಿ, ಇನ್ನೂ ಇದೆ. ಅಳಿಯ ಹಾರನ್ ಹಾಕುತ್ತಿದ್ದಾನೆ, ಇವತ್ತೇ ಡಿಪೋಗೆ ಹೋಗಬೇಕಂತೆ, ಬೇಗ ಬರೆಯುತ್ತೇನೆ. ಕಾಗದದ ಜೊತೆ ಅವನು ಒಂದು ಪೊಟ್ಟಣ ಕೊಡುತ್ತಾನೆ. ಅದು ಕೋಟು, ನಿಮ್ಮದು. ನಿಮಗೆಂದು ಒಂಬತ್ತು ವರ್ಷದಿಂದ ಮೇಲಿನ ಅಟ್ಟದಲ್ಲಿ ಎತ್ತಿಟ್ಟಿದ್ದಿರಲ್ಲ, ಬೂದು ಬಣ್ಣದ ಉಣ್ಣೆ, ಅದನ್ನೇ ಕತ್ತರಿಸಿದೆ. ಬುಧವಾರ ನಿಮ್ಮ ಕಾಗದ ಬಂತು, ಗುರುವಾರ ಬಟ್ಟೆ ಹಾಸಿದೆ, ನಿನ್ನೆ ಗುಂಡಿ ಬಿತ್ತು. ಅಳತೆ ಯಾರೂ ತೆಗೆದಿಲ್ಲ. ನಿಮ್ಮ ಎಡಭುಜ ಅರೆ ಇಂಚು ಇಳಿದಿದೆ, ಅದು ನಿಮಗೇ ಗೊತ್ತಿಲ್ಲ. ಬಲತೋಳು ಬಡವಾಗಿದೆ ಎಂದು ಅಕ್ಕ ಹೇಳಿದರು, ಅದಕ್ಕೆ ತಕ್ಕ ಹಾಗೆ ಕಿರಿದು ಮಾಡಿದ್ದೇನೆ. ಗುಂಡಿಗಳು ಹೊರಗೆ ಕಾಣಲಿಕ್ಕಷ್ಟೇ, ಒಳಗೆ ಒತ್ತುವ ಗುಂಡಿ ಇದೆ, ಎಡಗೈಯೊಂದರಲ್ಲೇ ಹಾಕಿಕೊಳ್ಳಬಹುದು. ಮಾವ ನಿಮ್ಮನ್ನು ಒಂದು ದಿನವೂ ಮಾಸ್ಟರ್ ಎಂದು ಕರೆದವರಲ್ಲ. ನೀವು ಕತ್ತರಿಸಿದ ಮೊದಲ ಕೋಟು ಹಾಕಿಕೊಂಡು ಬೀದಿಯ ಈ ತುದಿಯಿಂದ ಆ ತುದಿಗೆ ನಡೆದು ಬಂದರು, ಊರಿಗೆ ಅಷ್ಟು ಸಾಕಾಯಿತು, ನಿಮಗೂ ಸಾಕಾಯಿತು. ಗುರುವಾರ ನಾನು ಅಂಗಡಿಯ ಬಾಗಿಲಲ್ಲಿ ನಿಂತಿರುತ್ತೇನೆ. ಕೋಟು ನಿಮ್ಮ ಕೈಯಲ್ಲಿದ್ದರೆ ಬೀಗದ ಕೈ ನಾನೇ ತಂದು ಕೊಡುತ್ತೇನೆ, ಒಂದು ಮಾತೂ ಆಡುವುದಿಲ್ಲ. ಮೈಮೇಲಿದ್ದರೆ ನೀವೂ ಏನೂ ಹೇಳಬೇಕಾಗಿಲ್ಲ. ಹಾಕಿಕೊಂಡು ನೋಡದೆ ಮಾತ್ರ ಮಡಿಸಬೇಡಿ.